ಎರಡು ಇಂಚು ಹಿಗ್ಗು

ಜುಲೈ 2, 1962. ಸೋಮವಾರ

ಡಾಕ್ಟರ ಪುಡಿ ಕುಡಿದದ್ದಾಯಿತು. ಮಜ್ಜಿಗೆಯಲ್ಲಿ ಕದಡಿದರೂ ಅದೇ ಓಕರಿಕೆ. ಮಾತ್ರೆ ನುಂಗಿದ್ದಾಯಿತು. ಇನ್ನು ಟೇಪು.

ವರಲಕ್ಷ್ಮಿ ರವಿಕೆ ಅಳೆಯುವ ಟೇಪನ್ನೇ ತಂದು ಎದೆಗೆ ಸುತ್ತಿದಳು. ಮದುವೆಯಾಗಿ ಹದಿನಾಲ್ಕು ವರ್ಷ. ಗಂಡನ ಎದೆ ಅಳೆಯುವ ಕೆಲಸ ಅವಳಿಗೆ ಈಗ ಬಂತು. ಉಸಿರು ಬಿಟ್ಟೆ, ಮೂವತ್ತೆರಡು. ಎಳೆದೆ, ಮೂವತ್ತೆರಡೂವರೆ. "ಇನ್ನೊಂಚೂರು ಎಳೀರಿ" ಅಂದಳು. ಎಳೆದೆ. ಕೆಮ್ಮು ಬಂತು, ಟೇಪು ಕೆಳಗೆ ಬಿತ್ತು.

ಅರ್ಧ ಇಂಚು. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ಡ್ರಿಲ್ ಮಾಸ್ಟರ್. ನಾನೂರು ಹುಡುಗರನ್ನು ಒಂದೇ ಸೀಟಿಗೆ ನಿಲ್ಲಿಸುತ್ತಿದ್ದ ಎದೆ. ಈಗ ಅರ್ಧ ಇಂಚು...

ಶುಕ್ರವಾರ ಪುಟ್ಟ ರೈಲಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿದ್ದೆ. ಡಾಕ್ಟರ್ ಚೆನ್ನರಾಯಪ್ಪನವರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಕ್ಷಯ ಹತೋಟಿಗೆ ಬಂದಿದೆ ಮೇಷ್ಟ್ರೇ. ಔಷಧಿ ಮಾತ್ರ ನಾನು ಹೇಳೋವರೆಗೂ ಬಿಡಂಗಿಲ್ಲ. ಆದರೆ ಎಡಗಡೆ ಶ್ವಾಸಕೋಶದ ಪೊರೆ ಪಕ್ಕೆಗೆ ಅಂಟ್ಕೊಂಡಿದೆ. ಅದನ್ನ ಬಿಡಿಸೋ ಮಾತ್ರೆ ನನ್ನ ಹತ್ರ ಇಲ್ಲ. ಉಸಿರಾಟದ ವ್ಯಾಯಾಮ ಮಾಡಿ. ಜನವರಿಗೆ ಫಿಟ್‌ನೆಸ್ ನೋಡ್ತೀನಿ. ಎದೆ ಎರಡು ಇಂಚು ಹಿಗ್ಗಬೇಕು."

"ಹಿಗ್ಗದೆ ಹೋದರೆ?"

"ಕೂತ್ಕೊಂಡು ಮಾಡೋ ಕೆಲಸ ಕೊಡಿ ಅಂತ ಬರೀತೀನಿ."

ಅಂದರೆ ಗುಮಾಸ್ತೆ. ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುವುದು. ಕಿಟಕಿಯಿಂದ ಬೇರೆ ಯಾರದೋ ಸೀಟಿ ಕೇಳುವುದು. ಅದು ನನ್ನಿಂದಾಗದು.

ಜುಲೈ 5. ಗುರುವಾರ, ಬೆಳಿಗ್ಗೆ

ವ್ಯಾಯಾಮ ತಾನೆ? ನನಗೆ ಕಲಿಸುವವರು ಯಾರು? ಹಿತ್ತಲಿನಲ್ಲಿ ಅಟೆನ್ಷನ್ ನಿಂತೆ. ಒನ್ — ಎಳೆ. ಟೂ — ಬಿಡು. ಇಪ್ಪತ್ತು ಸಲ ಅಂತ ಲೆಕ್ಕ. ಏಳಕ್ಕೆ ಕಣ್ಣು ಕತ್ತಲೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತೆ.

ಬೇಲಿಯ ಆಚೆಯಿಂದ ಮಾತು. "ರಾಮಾಂಜಿನಪ್ಪ! ಹೆಸ್ರು ಆಂಜನೇಯಂದು, ಉಸ್ರು ಇಲಿಮರೀದು."

ಗಂಗುಲಮ್ಮ. ಹಿಂದಿನ ಮನೆಯ ಮುದುಕಿ. ರೇಷ್ಮೆ ಬಿಚ್ಚುವವಳು. ದಿನವಿಡೀ ಕುದಿಯುವ ಬಾಣಲೆಯ ಮುಂದೆ ಕೂತು ಗೂಡಿನಿಂದ ಎಳೆ ತೆಗೆಯುತ್ತಾಳೆ. ಆ ಹಬೆಗೆ, ಆ ಹುಳದ ವಾಸನೆಗೆ ಬೀದಿಯ ನೂಲು ಬಿಚ್ಚುವವರೆಲ್ಲ ಗೊರಗೊರ ಅನ್ನುತ್ತಾರೆ. ಈ ಮುದುಕಿ ಒಂದು ದಿನವೂ ಕೆಮ್ಮಿದ್ದು ಕೇಳಿಲ್ಲ. ಅದು ಈವತ್ತು ಹೊಳೆಯಿತು. ಕೋಪ ಬಂದಿತ್ತು, ಹೇಗೆ ಅಂತ ಕೇಳಲಿಲ್ಲ.

ಜುಲೈ 9. ಸೋಮವಾರ

ಕೋಪ ನುಂಗಿ ಕೇಳಿದೆ.

ಮುದುಕಿ ದಿನಾ ಬೆಳಿಗ್ಗೆ ಹೊಂಗೆ ಮರದ ಕೆಳಗೆ ನಿಂತು ಗಾಳಿಯಲ್ಲಿ ಏನೋ ಎಳೆಯುತ್ತಾಳೆ. ಮೊದಲು ನೋಡಿದಾಗ ಮೈಮೇಲೆ ದೇವರು ಬಂದಿದೆ ಅಂದುಕೊಂಡಿದ್ದೆ. ಅಷ್ಟು ನಿಧಾನಕ್ಕೆ ಯಾವ ದೇವರೂ ಬರುವುದಿಲ್ಲ.

"ನನ್ನ ಗಂಡ ಮಲಯಾದಾಗೆ ಎಸ್ಟೇಟ್ ಆಸ್ಪತ್ರೇಲಿ ಗಾಯಕ್ಕೆ ಪಟ್ಟಿ ಕಟ್ಟೋ ಡ್ರೆಸ್ಸರ್ ಆಗಿದ್ರು. ಅಲ್ಲಿ ಕಲ್ತಿದ್ದು. ಬಾ, ನಿಂತ್ಕೋ. ಮಂಡಿ ಸಡ್ಲ ಬಿಡು. ಅದೇನು ಕಟ್ಟಿಗೆ ಹಂಗೆ ನಿಂತಿದ್ದೀಯ?"

ಅಟೆನ್ಷನ್ ಬಿಟ್ಟು ನಿಲ್ಲುವುದು ಎಷ್ಟು ಕಷ್ಟ ಅಂತ ಈವತ್ತು ಗೊತ್ತಾಯಿತು.

ಹೊಕ್ಕಳ ಮುಂದೆ ಎರಡೂ ಕೈ. ಅಲ್ಲೊಂದು ಗೂಡು ಇದೆ ಅಂದುಕೊಳ್ಳಬೇಕಂತೆ. ಉಸಿರು ಎಳೆಯುತ್ತ ಅದರ ಎಳೆಯನ್ನು ಎದೆಯವರೆಗೆ ತಂದು, ಆಚೆ ಈಚೆ ಬಿಡಿಸಬೇಕು. ಬಿಡುತ್ತ ಕೆಳಗೆ. ಜೋರಾಗಿ ಎಳೆದರೆ ಎಳೆ ಕಡಿಯುತ್ತದೆ, ಸಡಿಲ ಬಿಟ್ಟರೆ ಗಂಟಾಗುತ್ತದೆ. ಶುರು ಮಾಡುವ ಮೊದಲು ಕಣ್ಣು ಮುಚ್ಚಿ "ಹೇ ಗಂಗೆ" ಅನ್ನುತ್ತಾಳೆ. ನಾನೂ ಅಂದೆ. ಗಂಗಮ್ಮನ ಪ್ರಾರ್ಥನೆ ಇರಬೇಕು. ಹೆಸರೇ ಗಂಗುಲಮ್ಮ ಅಲ್ಲವೆ.

ಮೂರನೆಯದಕ್ಕೆ ಕೆಮ್ಮು. "ಕಡೀತು" ಅಂದಳು. "ಕಡಿದ್ರೆ ಏನು? ದಿನಕ್ಕೆ ನೂರು ಸಲ ಕಡೀತದೆ ನಂದು. ತುದಿ ಹುಡುಕ್ಕೊಂಡು ಮತ್ತೆ ಎಳಿ. ತೊಂದರ ಪಡಬೇಡ ನಾಯ್ನಾ."

ತೊಂದರೆ ಏನಿಲ್ಲ ಅಂದೆ. ನಕ್ಕಳು. ಅವಳ ತೆಲುಗಿನಲ್ಲಿ ತೊಂದರ ಅಂದರೆ ಅವಸರ. ನನ್ನ ವಿಷಯದಲ್ಲಿ ಎರಡೂ ಒಂದೇ.

ಜುಲೈ 22

ಟೇಪು: ಅರ್ಧ, ಮೇಲೆ ಒಂದು ಗೆರೆ. ವರಲಕ್ಷ್ಮಿ ಆ ಗೆರೆ ಇದೆ ಅನ್ನುತ್ತಾಳೆ. ಕನ್ನಡಕ ಹಾಕಿಕೊಂಡು ನೋಡಿದೆ. ಇದೆ.

ಆಗಸ್ಟ್ 15. ಬುಧವಾರ

ಇನ್ನೂ ರಜೆಯಲ್ಲಿದ್ದೇನೆ. ಆದರೂ ಹೋದೆ. ಕಾಂಪೌಂಡಿನ ಹೊರಗೆ, ಬೇವಿನ ಮರದ ಕೆಳಗೆ ನಿಂತೆ. ಲೆಕ್ಕದ ಮೇಷ್ಟ್ರು ಡ್ರಿಲ್ ಮಾಡಿಸಿದರು. ಸೀಟಿ ಊದಿದರೆ ತೂತು ಬಿದ್ದ ತಿದಿಯ ಸದ್ದು. ಎಂಟನೆಯ ಕ್ಲಾಸಿನ ಸಾಲು ಹಾವಿನ ಹಾಗೆ ಹರಿಯಿತು. ಹೆಡ್‌ಮಾಸ್ಟರ್ ಆವುಲಪ್ಪನವರು ನನ್ನನ್ನು ನೋಡಿದರು, ಕೈಯೆತ್ತಿದರು, ಬಾ ಅನ್ನಲಿಲ್ಲ. ಕ್ಷಯದವನನ್ನು ಯಾರು ಕರೆಯುತ್ತಾರೆ.

ಜೇಬಿನಲ್ಲಿ ನನ್ನ ಸೀಟಿ ಇತ್ತು. ಹಿಡಿದುಕೊಂಡೇ ನಿಂತಿದ್ದೆ. ಮನೆಗೆ ಬಂದು ಅತ್ತೆ. ಇಲ್ಲಿ ಬರೆದರೆ ಯಾರು ಓದುತ್ತಾರೆ, ಬರೆಯುತ್ತೇನೆ. ಅತ್ತೆ.

ಸೆಪ್ಟೆಂಬರ್ 3. ಸೋಮವಾರ

ಒಂದು ಇಂಚು. ಭರ್ತಿ ಒಂದು.

ಮೂರು ಸಲ ಅಳೆಸಿದೆ. ವರಲಕ್ಷ್ಮಿ ಟೇಪಿನ ಆ ಜಾಗಕ್ಕೆ ಕುಂಕುಮ ಇಟ್ಟಳು. ಅವಳ ಪ್ರಕಾರ ಇದೆಲ್ಲ ಗಂಗಮ್ಮನ ದಯೆ. ಈಗ ಸೋಮವಾರ ಸೋಮವಾರ ಹೊಂಗೆ ಮರದ ಬುಡದಲ್ಲಿ ನೀರಿನ ಕಲಶ ಇಡುತ್ತಾಳೆ, ಹೂವು ಏರಿಸುತ್ತಾಳೆ. ಗಂಗುಲಮ್ಮ ಕಲಶ ನೋಡಿ ಏನೋ ಹೇಳಲು ಹೋದಳು, ಹೂವು ಚೆನ್ನಾಗಿದೆ ಅಂದು ಸುಮ್ಮನಾದಳು. ಬೀದಿಯವರಿಗೂ ಗೊತ್ತಾಗಿದೆ. ಮೇಷ್ಟ್ರು ಗಂಗಾ ವ್ರತ ಹಿಡಿದಿದ್ದಾರಂತೆ.

ನನಗೂ ಅದೇ ಗುಂಗು. ಬೆಳಿಗ್ಗೆ ಯಾವಾಗ ಆಗುತ್ತದೋ ಅಂತ ಕಾಯುತ್ತೇನೆ. ನಿಧಾನದಲ್ಲಿ ಇಷ್ಟು ಸುಖ ಇದೆ ಅಂತ ನಲವತ್ತು ವರ್ಷ ಯಾರೂ ಹೇಳಿರಲಿಲ್ಲ.

ಸೆಪ್ಟೆಂಬರ್ 24

ಒಂದು ಇಂಚು, ಮೇಲೆ ಎರಡು ಗೆರೆ. ಕೆಮ್ಮಿಲ್ಲ. ಹಸಿವು ಇದೆ. ರಾಗಿಮುದ್ದೆ ಎರಡು ಇಳಿಯುತ್ತದೆ. ಆ ಪುಡಿ ಕುಡಿದಾಗ ಮಾತ್ರ ಹೊಟ್ಟೆ ತೊಳಸುತ್ತದೆ. ಉಸಿರೇ ಇಷ್ಟು ಕೆಲಸ ಮಾಡುವಾಗ ಪುಡಿ ಯಾಕೆ?

ಈವತ್ತು ಕುಡಿಯಲಿಲ್ಲ. ಮಾತ್ರೆಯೂ ಇಲ್ಲ. ವರಲಕ್ಷ್ಮಿಗೆ ಹೇಳಿಲ್ಲ.

ಅಕ್ಟೋಬರ್ 3. ಬುಧವಾರ

ಸಿಕ್ಕಿಬಿದ್ದೆ. ನಾನೇ ಬಾಯಿಬಿಟ್ಟು.

"ಅವ್ವಾ, ನಿನ್ನ ವಿದ್ಯೆ ಇರೋವಾಗ ಡಾಕ್ಟ್ರ ಪುಡಿ ಯಾತಕ್ಕೆ? ಒಂಬತ್ತು ದಿನ ಆಯ್ತು, ಮುಟ್ಟಿಲ್ಲ" ಅಂದೆ. ಹೊಗಳಿಕೆ ಅಂದುಕೊಂಡೇ ಅಂದದ್ದು.

ಕೈ ಅರ್ಧದಲ್ಲೇ ನಿಲ್ಲಿಸಿದಳು. ನನ್ನ ರಟ್ಟೆ ಹಿಡಿದು ತನ್ನ ಬಾಣಲೆಯ ಹತ್ತಿರ ಎಳೆದುಕೊಂಡು ಹೋದಳು. ಒಲೆ ಇನ್ನೂ ಹಚ್ಚಿರಲಿಲ್ಲ. ನೀರು ತಣ್ಣಗಿತ್ತು. ಒಂದು ಹಸಿ ಗೂಡು ಅದರಲ್ಲಿ ಹಾಕಿ, "ಎಳಿ" ಅಂದಳು.

ಕೆರೆದೆ, ಪರಚಿದೆ. ಎಳೆ ಎಲ್ಲಿ ಸಿಗುತ್ತದೆ? ಕಲ್ಲಿನ ಹಾಗೆ ಕೂತಿದೆ ಗೂಡು.

"ಬೇಯದೆ ಗೂಡು ಬಿಚ್ಚತದಾ? ಬಿಸಿನೀರು ಗೂಡಿನ ಅಂಟು ಬಿಡಿಸ್ತದೆ, ಕೈ ಎಳೆ ತೆಗೀತದೆ. ನಿಂಗೆ ಆ ಡಾಕ್ಟ್ರ ಪುಡಿನೇ ಬಿಸಿನೀರು. ಒಲೆ ಆರ್ಸಿಬಿಟ್ಟು ಎಳೆ ತೆಗೀತೀನಿ ಅಂತ ಬಂದಿದ್ದೀಯಲ್ಲ, ಹುಡುಗ್ರಿಗೆ ಏನು ಪಾಠ ಹೇಳ್ತೀಯ ನೀನು? ನನ್ನ ಗಂಡ ಹಿಂಗೇ ಮಾಡಿದ್ರು. ಡ್ರೆಸ್ಸರ್ ಆಗಿದ್ಕೊಂಡು ಮಾಡಿದ್ರು. ಮುಂದಕ್ಕೆ ಕೇಳಬೇಡ."

ಮನೆಗೆ ಬಂದು ಪುಡಿ ಕುಡಿದೆ. ವರಲಕ್ಷ್ಮಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ. ಬೈಯಲಿಲ್ಲ. ಮಾತ್ರೆಯ ಡಬ್ಬಿ ತನ್ನ ಹೊಲಿಗೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಕೊಂಡಳು. ನಾಳೆಯಿಂದ ಅವಳು ಕೊಟ್ಟಾಗ ಬಾಯಿ ತೆರೆಯುವುದು. ಡಾಕ್ಟರಿಗೂ ಕಾಗದ ಹಾಕಿದ್ದೇನೆ, ತಪ್ಪೊಪ್ಪಿಕೊಂಡು.

ಅಕ್ಟೋಬರ್ 22. ಸೋಮವಾರ

ರೇಡಿಯೋದಲ್ಲಿ ಅದೇ. ಗಡಿಯಲ್ಲಿ ಚೀನಾ ನುಗ್ಗಿದೆ. ಪೇಟೆಯಲ್ಲಿ ಗುಂಪು ಗುಂಪು ಜನ. ರಕ್ತ ಕುದಿಯುತ್ತದೆ. ಎರಡು ಶ್ವಾಸಕೋಶ ಸರಿ ಇದ್ದಿದ್ದರೆ ಈವತ್ತೇ ಹೆಸರು ಬರೆಸುತ್ತಿದ್ದೆ.

ಅಕ್ಟೋಬರ್ 30. ಮಂಗಳವಾರ

ಬರೆದೇಬಿಡಬೇಕು.

ಬೆಳಿಗ್ಗೆ ಮರದ ಕೆಳಗೆ, "ಅವ್ವಾ, ಈವತ್ತು ನಮ್ಮ ಸೈನಿಕರ ಹೆಸರಿನಲ್ಲಿ ಹೇ ಗಂಗೆ ಅನ್ನೋಣ" ಅಂದೆ. ಗಂಗುಲಮ್ಮ ಕೈ ಕೆಳಗಿಳಿಸಿದಳು.

"ನಿಂಗೆ ಸುಳ್ಳು ಹೇಳಕ್ಕೆ ನಂಗೆ ಇಷ್ಟ ಇಲ್ಲ ನಾಯ್ನಾ. ಅದು ಗಂಗೆ ಅಲ್ಲ. ಹೇ... ಗುಂಗ್. ಹೇ ಅಂದ್ರೆ ಉಸ್ರು. ಗುಂಗ್ ಅಂದ್ರೆ ಕೆಲ್ಸ. ಉಸ್ರು ಪಳಗ್ಸೋ ಕೆಲ್ಸ. ಚೀನೀಯರ ಮಾತು ಅದು. ನಂಗೆ ಕಲಿಸಿದ್ದು ಒಬ್ಬ ಚೀನೀ ಮುದ್ಕಿ. ನೀನು ಗಂಗೆ ಅಂದೆ, ನಿನ್ನ ಹೆಂಡ್ತಿ ಕಲಶ ಇಟ್ಳು, ನಾನು ಸುಮ್ನಾದೆ."

ನಾಲ್ಕು ತಿಂಗಳು. ದಿನಕ್ಕೆ ಎರಡು ಹೊತ್ತು. ಚೀನಾ ಡ್ರಿಲ್ ಮಾಡಿದ್ದೇನೆ. ಡ್ರಿಲ್ ಮಾಸ್ಟರ್ ನಾನು.

ಅವಳಿಗೆ ಆಡಬಾರದ್ದು ಆಡಿದೆ. "ಶತ್ರುಗಳ ವಿದ್ಯೆ ತಂದು ನನ್ನ ಮೈಗೆ ತುಂಬಿದ್ದೀಯ" ಅಂದೆ. ಅವಳು ಒಳಗೆ ಹೋದಳು.

ಇನ್ನು ಆ ಬೇಲಿ ದಾಟುವುದಿಲ್ಲ.

ನವೆಂಬರ್ 17. ಶನಿವಾರ

ಈವತ್ತು ಊರಿನಲ್ಲಿ ಚೀನಾ ವಿರುದ್ಧ ಮೆರವಣಿಗೆ, ಕೊನೆಗೆ ಹೆಡ್‌ಮಾಸ್ಟರ ಕೈಯಿಂದ ಚೀನಾದ ಪ್ರತಿಕೃತಿಗೆ ಬೆಂಕಿ. ಹೆಡ್‌ಮಾಸ್ಟರು ಮನೆಗೇ ಬಂದು ಕರೆದಿದ್ದರು. "ನಿಮ್ಮ ಗಂಟಲು ಬೇಕು ರಾಮಾಂಜಿನಪ್ಪನೋರೇ. ಘೋಷಣೆ ನೀವೇ ಕೂಗಬೇಕು." ಆಗಸ್ಟಿನಲ್ಲಿ ಬಾ ಅನ್ನದವರು ಈಗ ಬಾಗಿಲಿಗೆ ಬಂದಿದ್ದಾರೆ. ಹಿಗ್ಗಿಹೋದೆ.

ಬಸ್ ಸ್ಟ್ಯಾಂಡಿನಿಂದ ಶುರು. ಮೂರು ಘೋಷಣೆ ಕೂಗಿದೆ. ನಾಲ್ಕನೆಯದು ಹೊರಡಲಿಲ್ಲ. ಬಾಯಿ ತೆರೆದಿದೆ, ಸದ್ದಿಲ್ಲ. ಹಿಂದೆ ಸಾವಿರ ಜನ ಕಾಯುತ್ತಿದ್ದಾರೆ. ಲೆಕ್ಕದ ಮೇಷ್ಟ್ರು ಕೂಗಿ ಮುಂದೆ ಹೋದರು. ನಾನು ಅಂಗಡಿಯ ಜಗುಲಿ ಹಿಡಿದು ನಿಂತೆ.

ವರಲಕ್ಷ್ಮಿ ಟೇಪು ತಂದಳು. ಬೇಡ ಅಂದರೂ ಸುತ್ತಿದಳು. ಮುಕ್ಕಾಲು ಇಂಚು. ಕುಂಕುಮದ ಗೆರೆ ಅಲ್ಲೇ ಇದೆ. ನಾನು ಅದಕ್ಕಿಂತ ಹಿಂದೆ.

"ಈ ಸಲ ಪುಡಿ ಬಿಡ್ಲಿಲ್ಲ, ಮಾತ್ರೆ ಬಿಡ್ಲಿಲ್ಲ. ಬಿಟ್ಟಿದ್ದು ಒಂದೇ" ಅಂದಳು.

"ಅದು ಚೀನೀಯರದ್ದು ಕಣೇ."

"ನಾನು ಹೊಲಿಯೋ ಮಿಷನ್ನು ಯಾರ್ದು? ನೀವು ಕುಡಿಯೋ ಪುಡಿ ಯಾರ್ದು? ಉಸ್ರು ನಿಮ್ದು ತಾನೆ?"

ನವೆಂಬರ್ 23. ಶುಕ್ರವಾರ, ಬೆಳಿಗ್ಗೆ 7

ಯುದ್ಧ ನಿಂತಿದೆಯಂತೆ. ಅದಕ್ಕೆ ಹೋದೆ ಅಂತ ಬರೆದರೆ ಸುಳ್ಳು. ಯುದ್ಧ ನಿಲ್ಲದಿದ್ದರೂ ಹೋಗುತ್ತಿದ್ದೆ. ಆರು ದಿನ ನಿದ್ದೆ ಇಲ್ಲ, ಮೆರವಣಿಗೆಯ ಸಾವಿರ ಬಾಯಿ ಕಿವಿಯಲ್ಲಿ.

ಹೊಂಗೆ ಮರದ ಕೆಳಗೆ ಗಂಗುಲಮ್ಮ ಇಲ್ಲ. ಕಲಶ ಇದೆ, ಒಣಗಿದ ಹೂವು ಇದೆ. ಬಾಗಿಲ ಸಂದಿಯಿಂದ ಒಳಗೆ ನೋಡಿದೆ. ಬಾಣಲೆಯ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು, ಕತ್ತಲೆಯಲ್ಲಿ, ಗೋಡೆಗೆ ಮುಖ ಮಾಡಿ ಗಾಳಿಯಲ್ಲಿ ಎಳೆ ಎಳೆಯುತ್ತಿದ್ದಾಳೆ. ನನ್ನ ಮಾತಿಗೆ ಹೆದರಿ ಒಳಗೆ ಸೇರಿಕೊಂಡಿದ್ದಾಳೆ. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆ ಆಗಿರಲಿಲ್ಲ.

"ಅವ್ವಾ, ತಪ್ಪಾಯ್ತು" ಅಂದೆ.

ಅವಳು ಕೈ ನಿಲ್ಲಿಸಲಿಲ್ಲ. ಬೆನ್ನು ಈ ಕಡೆಯೇ. "ಮಲಯಾಕ್ಕೆ ಜಪಾನಿನೋರು ಬಂದಾಗ ಗಂಡಸ್ರನ್ನೆಲ್ಲ ಸಯಾಮ್ ದೇಶದ ರೈಲು ಕೆಲ್ಸಕ್ಕೆ ಹಿಡ್ಕೊಂಡು ಹೋಗೋರು. ಹೋದೋರು ಬರ್ಲಿಲ್ಲ. ನನ್ನ ಗಂಡನ್ನ ಹತ್ತೊಂಬತ್ತು ದಿನ ಕೋಳಿಗೂಡಿನ ಹಿಂದೆ ಬಚ್ಚಿಟ್ಟೋಳು ಆ ಚೀನೀ ಮುದ್ಕಿ. ಆ-ಪೋ ಅಂತಿದ್ವಿ, ಅಂದ್ರೆ ಅಜ್ಜಿ. ಸಿಪಾಯಿ ಬಂದು ನಿಂತಾಗೆಲ್ಲ ಅವಳು ಅಂಗಳದಾಗೆ ಹಿಂಗೇ ಉಸ್ರೆಳ್ಕೊಂಡು ನಿಂತಿರೋಳು, ಏನೂ ಗೊತ್ತಿಲ್ದೋಳ ಹಂಗೆ. ಆಮೇಲೆ ನಂಗೂ ಕಲ್ಸಿದ್ಳು. ಹೆದ್ರಿಕೆಗೆ ಇದೇ ಮದ್ದು ಅಂತ. ನೀನು ಶತ್ರು ಅಂದೆಯಲ್ಲ, ನಂಗೆ ಅವಳ ಮುಖ ಕಾಣಿಸ್ತು."

ಬಾಗಿಲು ತೆರೆದೆ. ಬೆಳಕು ಬಂತು. "ಹೊರಗೆ ಬಾ ಅವ್ವಾ, ಮರದ ಕೆಳಗೆ. ಯಾರಾದ್ರೂ ಕೇಳಿದ್ರೆ ನಾನು ಹೇಳ್ತೀನಿ" ಅಂದೆ.

"ಏನು ಹೇಳ್ತೀಯ?"

"ನನ್ನ ಗುರು ಅಂತ."

ಅವರು ಬಂದರು. ಇಷ್ಟು ದಿನ ಈ ಪುಸ್ತಕದಲ್ಲಿ ಅಂದಳು, ಬಂದಳು ಅಂತ ಬರೆದಿದ್ದೇನೆ. ಇನ್ನು ಬರೆಯುವುದಿಲ್ಲ.

ಡಿಸೆಂಬರ್ 17. ಸೋಮವಾರ

ಒಂದೂವರೆ ಇಂಚು. ಚಳಿ ಬಹಳ. ಬೆಟ್ಟದ ಕಡೆಯಿಂದ ಮಂಜು ಇಳಿದು ಹೊಂಗೆ ಮರವೇ ಕಾಣುವುದಿಲ್ಲ. ಎದುರಿಗೆ ಗಂಗುಲಮ್ಮನವರ ಕೈ ಮಾತ್ರ ಕಾಣುತ್ತದೆ. ಅಷ್ಟು ಸಾಕು.

ಎಡಪಕ್ಕೆಯಲ್ಲಿ ಈವತ್ತು ಏನೋ ಬಿಟ್ಟುಕೊಂಡ ಹಾಗಾಯಿತು. ಅಂಟಿದ ಕಾಗದ ನೆನೆದು ಏಳುತ್ತದಲ್ಲ, ಹಾಗೆ. ನೋವಿಲ್ಲ. ಉಸಿರು ಹೋಗದಿದ್ದ ಜಾಗಕ್ಕೆ ಉಸಿರು ಹೋಯಿತು. ಕಣ್ಣಲ್ಲಿ ನೀರು ಬಂತು.

"ತುದಿ ಸಿಕ್ತು" ಅಂದರು.

ಜನವರಿ 11, 1963. ಶುಕ್ರವಾರ, ಚಿಕ್ಕಬಳ್ಳಾಪುರ ಸ್ಟೇಷನ್ ಬೆಂಚು

ರೈಲಿಗೆ ಇನ್ನೂ ಮುಕ್ಕಾಲು ಗಂಟೆ. ಮನೆಗೆ ಹೋಗುವವರೆಗೆ ತಡೆಯುವುದಕ್ಕಾಗದು.

ಡಾಕ್ಟರ್ ಹೊಸ ಎಕ್ಸ್‌ರೇ ನೋಡಿದರು. ಹ್ಞೂಂ ಅಂದರು. ಟೇಪು ತೆಗೆದರು. ಅವರದು ಸ್ಟೀಲಿನ ಡಬ್ಬಿಯ ಟೇಪು, ತಣ್ಣಗಿತ್ತು. "ಹೆಗಲು ಎತ್ತಬಾರದು ಮೇಷ್ಟ್ರೇ, ಮೋಸ ನಡೆಯಲ್ಲ." ಕಣ್ಣು ಮುಚ್ಚಿದೆ. ಹೊಕ್ಕಳ ಮುಂದೆ ಗೂಡು. ತುದಿ ಹಿಡಿದೆ. ಅವಸರ ಇಲ್ಲ. ಎಳೆದೆ... ಇನ್ನೂ ಇದೆ, ಇನ್ನೂ ಬರುತ್ತಿದೆ...

"ಇನ್ನೊಂದ್ಸಲ" ಅಂದರು.

ಮತ್ತೆ.

"ಎರಡು ಇಂಚು. ಮೇಲೆ ಒಂದು ಗೆರೆ."

ಆ ಮೇಲಿನ ಗೆರೆ ಅವರು ಹೇಳದಿದ್ದರೂ ನಡೆಯುತ್ತಿತ್ತು. ಹೇಳಿದರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

"ಏನು ವ್ಯಾಯಾಮ ಮಾಡಿದಿರಿ?"

ಹುಡುಗರಿಗೆ ಹನ್ನೊಂದು ವರ್ಷ ನಿಜ ಹೇಳಿ ಅಂತ ಬೆತ್ತ ಹಿಡಿದವನು. ಹೇಳಿದೆ. ಚೀನೀ ಮುದುಕಿ, ಮಲಯಾ, ಹೊಂಗೆ ಮರ, ಎಲ್ಲ. ಪೆನ್ನು ಕೆಳಗಿಟ್ಟು ಕೇಳಿದರು. ಆಮೇಲೆ ಒಂದೇ ಪ್ರಶ್ನೆ.

"ಆ ಒಂಬತ್ತು ದಿನ ಬಿಟ್ಟರೆ ಔಷಧಿ ತಪ್ಪಿಸಿಲ್ಲ ತಾನೆ?"

"ಇಲ್ಲ. ಆ ಒಂಬತ್ತನ್ನೂ ಹಿಡಿದು ಬೈದಿದ್ದು ಗಂಗುಲಮ್ಮನವರೇ. ಪುಡಿನೇ ಬಿಸಿನೀರು ಅಂತ."

ಬಿಸಿನೀರಿನ ಕಥೆಯನ್ನೂ ಹೇಳಿಸಿಕೊಂಡು ಜೋರಾಗಿ ನಕ್ಕರು. "ಈ ಮಾತನ್ನ ನನ್ನ ರೋಗಿಗಳಿಗೆ ಹೇಳಕ್ಕೆ ಆಯಮ್ಮನ್ನ ಒಂದು ದಿನ ಕರ್ಕೊಂಡು ಬನ್ನಿ. ನಾನು ಹೇಳಿದ್ರೆ ಯಾರು ಕೇಳ್ತಾರೆ?" ಫಾರಂ ತುಂಬಿದರು. ಔಷಧಿ ಮತ್ತು ಉಸಿರಾಟದ ವ್ಯಾಯಾಮದಿಂದ ಚೇತರಿಕೆ. ಡ್ರಿಲ್ ಮಾಸ್ಟರ್ ಕೆಲಸಕ್ಕೆ ಫಿಟ್. ಔಷಧಿ ಇನ್ನೂ ಆರು ತಿಂಗಳು. ಕುಡಿಯುತ್ತೇನೆ, ಆರು ವರ್ಷ ಅಂದರೂ ಕುಡಿಯುತ್ತೇನೆ.

ಸಂಜೆ, ಮನೆ. ವರಲಕ್ಷ್ಮಿಗೆ ಹೇಳಿದೆ, ಎರಡು ಇಂಚು ಹಿಗ್ಗಿದೆ ಅಂತ. "ಬರೀ ಎರಡಿಂಚಾ? ಮುಖ ನೋಡಿದ್ರೆ ಎರಡು ಮೊಳ ಹಿಗ್ಗಿದ ಹಂಗಿದೆ" ಅಂದಳು. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು. ಟೇಪಿಗೆ ಎರಡನೆಯ ಕುಂಕುಮ ಬಿತ್ತು.

ಜನವರಿ 26. ಶನಿವಾರ, ಸಂಜೆ

ಗರಿಗರಿ ಬಿಳಿ ಪ್ಯಾಂಟು. ಮೈದಾನ. ನಾನೂರ ಇಪ್ಪತ್ತು ಹುಡುಗರು. ಸೀಟಿ ಬಾಯಿಗಿಟ್ಟೆ. ಒಂದು ಗಳಿಗೆ ಭಯವಾಯಿತು, ಬಸ್ ಸ್ಟ್ಯಾಂಡ್ ನೆನಪಾಯಿತು. ಆಗ ನೋಡಿದೆ. ಕಾಂಪೌಂಡಿನ ಹೊರಗೆ, ಬೇವಿನ ಮರದ ಕೆಳಗೆ, ಆಗಸ್ಟಿನಲ್ಲಿ ನಾನು ನಿಂತಿದ್ದ ಜಾಗದಲ್ಲೇ ಗಂಗುಲಮ್ಮನವರು. ಬಾಣಲೆ ಬಿಟ್ಟು ಬಂದಿದ್ದಾರೆ, ಸೆರಗಿನಲ್ಲಿ ಒದ್ದೆ ಕೈ ಒರೆಸುತ್ತಿದ್ದಾರೆ. ನನ್ನನ್ನು ನೋಡಿ ಎರಡು ಬೆರಳಿನಿಂದ ಗಾಳಿಯಲ್ಲಿ ಎಳೆ ಎಳೆದರು. ನಿಧಾನಕ್ಕೆ.

ಊದಿದೆ. ಸೀಟಿ ಹೊರಟಿತು, ನಿಲ್ಲಲಿಲ್ಲ. ಧ್ವಜದ ಕಂಬ ದಾಟಿ, ಕೆರೆಯ ಏರಿಯವರೆಗೆ ಹೋಗಿರಬೇಕು. ನಾನೂರ ಇಪ್ಪತ್ತು ಜೊತೆ ಕಾಲು ಒಂದೇ ಸದ್ದಿನಲ್ಲಿ ಕೂಡಿದವು. ಎಳೆ ಕಡಿಯಲಿಲ್ಲ.

ಪರೇಡ್ ಮುಗಿದ ಮೇಲೆ ಹೋಗಿ ಅವರ ಕಾಲು ಮುಟ್ಟಿದೆ, ಎಲ್ಲರ ಎದುರಿಗೆ. "ಎದ್ದೇಳು ನಾಯ್ನಾ, ಪ್ಯಾಂಟು ಮಣ್ಣಾಯ್ತದೆ" ಅಂದರು.

ಜನವರಿ 27. ಭಾನುವಾರ, ಬೆಳಿಗ್ಗೆ 6

ಬಾಗಿಲು ತಟ್ಟಿದ ಸದ್ದು. ಹೆಡ್‌ಮಾಸ್ಟರ್ ಆವುಲಪ್ಪನವರು, ಮಫ್ಲರ್ ಸುತ್ತಿಕೊಂಡು. ಗೊರಗೊರ ಉಸಿರು. ಮೂರು ವರ್ಷದ ಅಸ್ತಮವಂತೆ, ಯಾರಿಗೂ ಹೇಳಿರಲಿಲ್ಲವಂತೆ. ಮೆರವಣಿಗೆಯಲ್ಲಿ ಅವರು ಯಾಕೆ ನನಗೆ ಕೂಗಲು ಹೇಳಿದರು ಅಂತ ಈಗ ತಿಳಿಯಿತು.

"ಡಾಕ್ಟ್ರ ಔಷಧಿ ತಗೋತಾ ಇದ್ದೀನಿ. ಜೊತೆಗೆ ನಿಮ್ಮ ಆ ಗಂಗಾ ಪ್ರಾರ್ಥನೆ ನಂಗೂ ಕಲಿಸಿಕೊಡಿ ರಾಮಾಂಜಿನಪ್ಪನೋರೇ."

ಮರದ ಕೆಳಗೆ ಕರೆದುಕೊಂಡು ಹೋಗಿ ಬಿಟ್ಟು ಬಂದಿದ್ದೇನೆ, ಪುಡಿ ಕುಡಿಯಲು. ಕಿಟಕಿಯಿಂದ ಕಾಣುತ್ತಿದೆ. ಚೀನಾದ ಪ್ರತಿಕೃತಿ ಸುಟ್ಟ ಮನುಷ್ಯ ಮಂಡಿ ಸಡಿಲ ಬಿಟ್ಟು, ಕಣ್ಣು ಮುಚ್ಚಿ, ಕೈ ಮುಗಿದು, ಭಕ್ತಿಯಿಂದ "ಹೇ ಗಂಗೆ" ಅನ್ನುತ್ತಿದ್ದಾರೆ. ಗಂಗುಲಮ್ಮನವರು ನನ್ನ ಕಿಟಕಿಯ ಕಡೆ ನೋಡುತ್ತಿದ್ದಾರೆ. ನಿಜ ಹೇಳಲೇಬೇಕು. ಡಾಕ್ಟರಿಗೆ ಹೇಳಿದವನು ಇವರಿಗೂ ಹೇಳಬೇಕು. ಹೋಗಿ ಹೇಳುತ್ತೇನೆ. ಆದರೆ ಈಗ ಅವರು ಉಸಿರು ಎಳೆಯುತ್ತಿದ್ದಾರೆ, ಮಧ್ಯೆ ಮಾತಾಡಿದರೆ ಎಳೆ —